ಮೊದಲ ಸಂದರ್ಶನದಲ್ಲಿ ಹೇಳದೆ ಉಳಿದ ಪ್ರೀತಿ: ಪ್ರತಿಕ್ರಿಯೆ

ತಾಯ್ನಾಡು ಬಿಟ್ಟು ಬಂದು ಆಶ್ರಯ ಕೋರಿರುವ ನಿಮ್ಮ ಗೆಳೆಯ ಮೊದಲ ಸಂದರ್ಶನದಲ್ಲಿ ನಿಮ್ಮಿಬ್ಬರ ಸಲಿಂಗ ಪ್ರೀತಿಯನ್ನು ಹೇಳಲಿಲ್ಲ, ಈಗ ಏನು ಮಾಡಬೇಕು ಎಂದು ಕೇಳಿದ್ದೀರಿ. ಅದನ್ನು ಮುಚ್ಚಿಟ್ಟದ್ದಕ್ಕೆ ಕಾರಣ ಬಹುಶಃ ಅಧಿಕಾರಿಯ ಭಯವಲ್ಲ, ಪಕ್ಕದಲ್ಲಿ ಕುಳಿತಿದ್ದ ದುಭಾಷಿ ನಿಮ್ಮ ಗೆಳೆಯನದೇ ಸಮುದಾಯದವನಾಗಿದ್ದುದು; ನನ್ನ ಸಂಗಾತಿಯೂ ಇದೇ ಕಾರಣಕ್ಕೆ ಬಾಯಿ ಬಿಟ್ಟಿರಲಿಲ್ಲ.

ಮೊದಲು ಇದನ್ನು ವಕೀಲರಿಗೆ ತಿಳಿಸಿ, ಮುಂದಿನ ಸಂದರ್ಶನಕ್ಕೆ ಬೇರೆ ದುಭಾಷಿ ಬೇಕೆಂದು ಲಿಖಿತವಾಗಿ ಕೇಳಿ. ಬಳಿಕ, ಅಂದು ಏಕೆ ಹೇಳಲಾಗಲಿಲ್ಲ ಎಂಬುದನ್ನು ನಿಮ್ಮ ಗೆಳೆಯನೇ ತನ್ನ ಮಾತೃಭಾಷೆಯಲ್ಲಿ ಬರೆದುಕೊಡಲಿ. ನೀವಿರುವುದು ಯುರೋಪಿಯನ್ ಒಕ್ಕೂಟದ ದೇಶದಲ್ಲಾದ್ದರಿಂದ, ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ನಿಮಗೆ ಆಧಾರವಾಗುತ್ತದೆ: ಮೊದಲ ಅವಕಾಶದಲ್ಲಿ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿದಾರನ ಮಾತು ನಂಬಲರ್ಹವಲ್ಲ ಎನ್ನುವಂತಿಲ್ಲ, ಖಾಸಗಿ ಕ್ಷಣಗಳ ವಿಡಿಯೊವನ್ನು ಪುರಾವೆಯಾಗಿ ಸ್ವೀಕರಿಸುವಂತಿಲ್ಲ. ಹಿತೈಷಿಗಳು ಎಷ್ಟೇ ಒತ್ತಾಯಿಸಿದರೂ ಅಂಥದ್ದನ್ನು ಕೊಡಬೇಡಿ. ತಾಯ್ನಾಡಿಗೆ ಮರಳಿ ಗುಟ್ಟಾಗಿ ಬದುಕಿಕೊಳ್ಳಿ ಎಂದು ಅಧಿಕಾರಿಗಳು ನಿರೀಕ್ಷಿಸುವಂತಿಲ್ಲ ಎಂಬುದನ್ನೂ ಅದೇ ನ್ಯಾಯಾಲಯ 2013ರಲ್ಲೇ ಹೇಳಿದೆ.

ನಿಮ್ಮ ಗೆಳೆಯ ಇಂದಿಗೂ ಪ್ರಾರ್ಥನೆಗೆ ಹೋಗುವುದು, ತಮ್ಮವರ ಹಬ್ಬಗಳಲ್ಲಿ ಸೇರುವುದು ಪ್ರಕರಣಕ್ಕೆ ಹಾನಿ ಮಾಡೀತೆಂದು ನೀವು ಅಂಜಿದ್ದೀರಿ. ದಯವಿಟ್ಟು ಅದನ್ನು ಅಡಗಿಸಬೇಡಿ. ಎಲ್ಲವನ್ನೂ ತೊರೆದು ಬಂದೆನೆಂಬ ಕಥೆ ಕಲಿಸಿಕೊಟ್ಟ ಪಾಠದಂತೆ ಕೇಳಿಸುತ್ತದೆ. ತನ್ನವರನ್ನೂ ಬಿಡಲಾಗದೆ, ನಿಮ್ಮನ್ನೂ ಬಿಡಲಾಗದೆ ಅವರು ಪಟ್ಟ ತಳಮಳವೇ ನಿಜವಾದ ಹೇಳಿಕೆ, ಅದನ್ನು ಸಣ್ಣ ಸಣ್ಣ ವಿವರಗಳೊಂದಿಗೆ ಬರೆಯಲಿ.

ಅವರು ಒಪ್ಪಿದರೆ ಮಾತ್ರ ನೀವೂ ಸಾಕ್ಷಿ ಹೇಳಿಕೆ ಕೊಡಿ. ಅರ್ಜಿ ಈಗಾಗಲೇ ತಿರಸ್ಕೃತವಾಗಿದೆಯೇ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗುವುದಿಲ್ಲ. ಆಗಿದ್ದರೆ ಮೇಲ್ಮನವಿಯ ಗಡುವು ಚಿಕ್ಕದಿರಬಹುದು, ಆದ್ದರಿಂದ ಕೊನೆಯ ದಿನಾಂಕವನ್ನು ವಕೀಲರಲ್ಲಿ ಇಂದೇ ವಿಚಾರಿಸಿ.