ಸೈಜ್ ಚೀಟಿ ಆಮೇಲೆ ನೋಡಿ, ಮೊದಲು ಭುಜದ ಹೊಲಿಗೆ ನೋಡಿ

ಪ್ರಶ್ನೆ: ನನ್ನದು ‘ಪಿಯರ್ ಶೇಪ್’ ಅಂತೆ. ಭುಜ ಸಣ್ಣ, ಸೊಂಟದ ಕೆಳಗೆ ದಪ್ಪ. ಹಿಪ್‌ಗೆ ಸರಿಹೋಗುವ ಪ್ಯಾಂಟು ಹಿಂದುಗಡೆ ಸೊಂಟದ ಹತ್ತಿರ ಬಾಯಿ ಬಿಡುತ್ತದೆ. ಸೊಂಟಕ್ಕೆ ಸರಿಯಾದದ್ದು ತೊಡೆ ದಾಟಿ ಮೇಲೆ ಬರುವುದೇ ಇಲ್ಲ. ಟ್ರಯಲ್ ರೂಮಿನಿಂದ ಹೊರಗೆ ಬರುವಷ್ಟರಲ್ಲಿ ಮೂಡೇ ಹಾಳಾಗಿರುತ್ತದೆ. ಕಪ್ಪು ಪ್ಯಾಂಟು, ಉದ್ದನೆಯ ಟಾಪು ಬಿಟ್ಟರೆ ನನಗೆ ಬೇರೆ ಗತಿಯಿಲ್ಲವೇ?
– ಹೆಸರು ಬೇಡ, 29 ವರ್ಷ

ಉತ್ತರ: ಖಂಡಿತ ಇದೆ. ರೆಡಿಮೇಡ್ ಬಟ್ಟೆ ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ಬೇಜಾರು ಇಳಿಯುತ್ತದೆ. ಕಂಪನಿಯವರು ಒಂದು ಅಳತೆಗೆ ಮಾದರಿ ಹೊಲಿಸಿ, ಅದನ್ನೇ ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜುಗಳನ್ನು ಮಾಡುತ್ತಾರೆ. ಸೊಂಟಕ್ಕೂ ಹಿಪ್‌ಗೂ ಎಷ್ಟು ಇಂಚು ವ್ಯತ್ಯಾಸ ಇರಬೇಕು ಅನ್ನುವುದು ಆ ಮಾದರಿಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ನಿಮ್ಮ ವ್ಯತ್ಯಾಸ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ದಪ್ಪ ಇರುವ ಜಾಗಕ್ಕೆ ಸರಿಯಾಗಿ ತೆಗೆದುಕೊಳ್ಳಿ, ಸಣ್ಣ ಇರುವ ಜಾಗವನ್ನು ಟೈಲರ್ ಹತ್ತಿರ ಹಿಡಿಸಿ. ಪ್ಯಾಂಟಿನ ಹಿಂದೆ ಮಧ್ಯದಲ್ಲಿರುವ ಹೊಲಿಗೆಯಲ್ಲಿ ಒಂದು, ಒಂದೂವರೆ ಇಂಚು ಒಳಗೆ ಹಾಕುವುದು ಸುಲಭದ ಕೆಲಸ. ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ಹತ್ತಿರ ಬಂದು ನೋಡಲು ವಿಚಿತ್ರವಾಗುತ್ತದೆ. ಆಗ ಎರಡೂ ಬದಿಗೆ ಡಾರ್ಟ್ (ಬಟ್ಟೆಯನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಹಾಕಿಸಬೇಕು. ಭುಜದ ವಿಷಯ ಹೀಗಲ್ಲ. ಜಾಕೆಟ್ಟಿನ ಭುಜ ಬಿಚ್ಚಿ ಹೊಲಿಯುವುದು ದೊಡ್ಡ ಕೆಲಸ, ಖರ್ಚೂ ಹೆಚ್ಚು, ಎಲ್ಲರ ಕೈಲೂ ಆಗುವುದಿಲ್ಲ. ಹಾಗಾಗಿ ಮೇಲಿನ ಬಟ್ಟೆ ಆರಿಸುವಾಗ ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವ ಕಡೆ ಬಂದು ನಿಂತಿದೆಯಾ ಅಂತ ಮೊದಲು ನೋಡಿ.

ಕನ್ನಡಿ ಮುಂದೆ ನಿಂತಾಗ ನಿಮ್ಮ ಮೈ ನೋಡಬೇಡಿ, ಬಟ್ಟೆಯ ಸುಕ್ಕು ನೋಡಿ. ಜಿಪ್ಪಿನ ಕೆಳಗಿನಿಂದ ತೊಡೆಯ ಕಡೆಗೆ ಅಡ್ಡ ಗೆರೆಗಳು ಎಳೆದಿದ್ದರೆ ಅಲ್ಲಿ ಬಿಗಿಯಾಗಿದೆ. ಪಕ್ಕದ ಜೇಬುಗಳು ತಾವಾಗಿಯೇ ಬಾಯಿ ತೆರೆದಿದ್ದರೆ ಹಿಪ್ ಹತ್ತಿರ ಬಟ್ಟೆ ಸಾಲದು. ಸೀಟಿನ ಕೆಳಗೆ ಬಟ್ಟೆ ಜೋತು ಬಿದ್ದಿದ್ದರೆ ಹಿಂದೆ ಜಾಸ್ತಿಯಾಗಿದೆ. ಇಷ್ಟು ಓದಲು ಬಂದರೆ ‘ನನಗೆ ಯಾವುದೂ ಚೆನ್ನಾಗಿ ಕಾಣಲ್ಲ’ ಅನ್ನುವ ಮಾತು ‘ಇದಕ್ಕೆ ಹಿಪ್‌ನಲ್ಲಿ ಒಂದಿಂಚು ಬೇಕು’ ಅಂತ ಬದಲಾಗುತ್ತದೆ.

ಇನ್ನು ಆ ಉದ್ದನೆಯ ಟಾಪು. ಟಾಪಿನ ಅಂಚು ಎಲ್ಲಿ ಮುಗಿಯುತ್ತದೋ ನೋಡುವವರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಮುಚ್ಚಿಕೊಳ್ಳಲಿ ಅಂತ ಹಾಕಿದ ಟಾಪು ಸರಿಯಾಗಿ ಹಿಪ್‌ನ ಅಗಲದ ಜಾಗದಲ್ಲೇ ಮುಗಿದರೆ, ನೀವೇ ಅಲ್ಲಿ ಗೆರೆ ಎಳೆದು ತೋರಿಸಿದ ಹಾಗೆ. ಒಂದೋ ಅದಕ್ಕಿಂತ ಮೇಲೆ ನಿಲ್ಲಲಿ, ಇಲ್ಲ ಇನ್ನೂ ಕೆಳಗೆ ಇಳಿಯಲಿ. ಭುಜ ಸ್ವಲ್ಪ ಅಗಲ ಕಾಣಬೇಕು ಅನ್ನಿಸಿದರೆ ಬೋಟ್ ನೆಕ್ (ಭುಜದಿಂದ ಭುಜದ ಕಡೆಗೆ ಅಗಲವಾಗಿ ಹರಡುವ ಕತ್ತು) ಹಾಕಿ ನೋಡಿ. ಅನ್ನಿಸದಿದ್ದರೆ ಬಿಡಿ. ಹಿಪ್ ಚಿಕ್ಕದಾಗಿ ಕಾಣಲೇಬೇಕು ಅಂತ ಎಲ್ಲೂ ಕಾನೂನಿಲ್ಲ. ಕೆಂಪು ಪ್ಯಾಂಟು ಇಷ್ಟವಾದರೆ ಕೆಂಪೇ ಹಾಕಿ.

ಪಿಯರ್, ಆಪಲ್, ಮರಳು ಗಡಿಯಾರ, ಇವೆಲ್ಲ ಮಾತಿಗೆ ಚೆನ್ನ. ನನಗೆ ಅವುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ಒಂದೇ ‘ಶೇಪ್’ ಇರುವ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ. ಇಬ್ಬರಿಗೂ ಒಂದೇ ಸಲಹೆ ಹೇಗೆ ಕೊಡುವುದು?

ಪ್ರಶ್ನೆ: ಒಂದು ಕಂಪನಿಯ ಎಂ ಸರಿಯಾಗುತ್ತದೆ, ಇನ್ನೊಂದರಲ್ಲಿ ಎಕ್ಸ್‌ಎಲ್ ಬೇಕು. ನಿಜವಾಗಿ ನನ್ನ ಸೈಜ್ ಯಾವುದು?
– ಕಾಲೇಜು ವಿದ್ಯಾರ್ಥಿನಿ

ಉತ್ತರ: ಎರಡೂ ಅಲ್ಲ. ನಿಮ್ಮ ಸೈಜ್ ಇಂಚಿನಲ್ಲಿದೆ.

ಎಲ್ಲರಿಗೂ ಒಂದೇ ಸೈಜ್ ಪಟ್ಟಿ ಮಾಡಲು ಅಮೆರಿಕದಲ್ಲಿ ಪ್ರಯತ್ನ ನಡೆದಿತ್ತು. 1939–40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಒಬ್ಬೊಬ್ಬರ ಮೈಮೇಲೆ 59 ಕಡೆ ಟೇಪು ಹಿಡಿದರು. ಪಟ್ಟಿಗೆ ಸೇರಿದ್ದು ಬಿಳಿಯರ ಅಳತೆ ಮಾತ್ರ. 1958ರಲ್ಲಿ ಅದರ ಆಧಾರದ ಮೇಲೆ ಒಂದು ಮಾನದಂಡ ಬಂತು, 1983ರಲ್ಲಿ ಅದನ್ನೂ ವಾಪಸು ತೆಗೆದುಕೊಂಡರು. ಈಗ ಪ್ರತಿ ಕಂಪನಿಗೂ ಅದರದೇ ಲೆಕ್ಕ. ಗಿರಾಕಿ ಖುಷಿಯಾಗಲಿ ಅಂತ ದೊಡ್ಡ ಬಟ್ಟೆಗೆ ಸಣ್ಣ ನಂಬರಿನ ಚೀಟಿ ಅಂಟಿಸುವುದೂ ಉಂಟು.

ನಿಮ್ಮ ಮೈಗೆ ಚೆನ್ನಾಗಿ ಕೂರುವ ಒಂದು ಅಂಗಿಯನ್ನು ಮಂಚದ ಮೇಲೆ ಹರಡಿ ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ ಅಳೆದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಪಟ್ಟಿಯಲ್ಲಿರುವುದು ಮೈ ಅಳತೆಯೋ ಬಟ್ಟೆ ಅಳತೆಯೋ ಅಂತ ನೋಡಿ. ಬಟ್ಟೆ ಅಳತೆ ಆಗಿದ್ದರೆ ನಿಮ್ಮ ಅಂಗಿಯ ಅಳತೆಗೆ ಹೋಲಿಸಿ. ಇದನ್ನು ಮರೆತೇ ಎಷ್ಟೋ ಬಟ್ಟೆ ವಾಪಸು ಹೋಗುತ್ತವೆ.

ಪ್ರಶ್ನೆ: ದಪ್ಪಗಿರುವವರು ಅಡ್ಡ ಗೆರೆ ಹಾಕಬಾರದಂತೆ, ಹೌದಾ?

ಉತ್ತರ: ಹಾಕಿ. 19ನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತೋರಿಸಿದ್ದರು: ಅಡ್ಡ ಗೆರೆ ತುಂಬಿದ ಚೌಕವೇ ಉದ್ದ ಗೆರೆಯ ಚೌಕಕ್ಕಿಂತ ಸಪೂರವಾಗಿ ಕಾಣುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಟ್ಟೆಯ ಮೇಲೂ ಇದನ್ನು ಪರೀಕ್ಷಿಸಿ, ಅಡ್ಡ ಗೆರೆಯಿಂದ ದಪ್ಪ ಕಾಣುವುದಿಲ್ಲ ಎಂದಿತು. ಬಟ್ಟೆ ಬಿಗಿಯಾಗಿ ಗೆರೆಗಳು ಡೊಂಕಾದರೆ ಮಾತ್ರ ಹಿಗ್ಗಿದ್ದು ಕಾಣುತ್ತದೆ. ಅದು ಗೆರೆಯ ತಪ್ಪಲ್ಲ, ಸೈಜಿನದು.

ಪ್ರಶ್ನೆ: ನನಗೆ 44, ಹೊಟ್ಟೆ ಬಂದಿದೆ. ಬೈಕಿನಲ್ಲಿ ಆಫೀಸಿಗೆ ಹೋಗಿ ದಿನವಿಡೀ ಕೂತಿರುತ್ತೇನೆ. ಶರ್ಟಿನ ಗುಂಡಿಗಳ ಮಧ್ಯೆ ಬನಿಯನ್ ಕಾಣುತ್ತದೆ. ಮೀಟಿಂಗಿನಲ್ಲಿ ಎದ್ದು ನಿಲ್ಲಲು ಮುಜುಗರ.

ಉತ್ತರ: ನೀವು ನಿಂತು ಟ್ರಯಲ್ ನೋಡುತ್ತೀರಿ, ಕೂತು ಬದುಕುತ್ತೀರಿ. ಎಡವಟ್ಟು ಅಲ್ಲೇ ಇದೆ. ಕೂತಾಗ ಹೊಟ್ಟೆಯ ಸುತ್ತಳತೆ ಹೆಚ್ಚುತ್ತದೆ, ಪ್ಯಾಂಟಿನ ಹಿಂಭಾಗ ಕೆಳಗೆ ಜಾರುತ್ತದೆ. ಮುಂದಿನ ಸಲ ಟ್ರಯಲ್ ರೂಮಿನಲ್ಲಿ ಸ್ಟೂಲ್ ಇದ್ದರೆ ಕೂತುಕೊಳ್ಳಿ, ಇಲ್ಲದಿದ್ದರೆ ಕುಕ್ಕರಗಾಲಲ್ಲಿ ಕೂರಿ. ಬೈಕಿನ ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ. ಬೆನ್ನು ಎಳೆಯುತ್ತಿದೆಯಾ, ಶರ್ಟು ಪ್ಯಾಂಟಿನಿಂದ ಎದ್ದು ಬರುತ್ತಿದೆಯಾ ನೋಡಿ.

ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವ ಅಭ್ಯಾಸ ಬಿಡಿ. ಅದರಿಂದ ಕಾಲು ಗಿಡ್ಡ ಕಾಣುತ್ತದೆ, ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂರುತ್ತದೆ. ಸ್ವಲ್ಪ ಮೇಲೆ, ಹೊಕ್ಕುಳ ಹತ್ತಿರಕ್ಕೆ ಬರುವ ಪ್ಯಾಂಟು ತೆಗೆದುಕೊಳ್ಳಿ. ಮುಂದೆ ಒಂದೊಂದು ಪ್ಲೀಟ್ (ನೆರಿಗೆ) ಇದ್ದರೆ ಕೂತಾಗ ಅದು ಬಿಚ್ಚಿಕೊಂಡು ಜಾಗ ಕೊಡುತ್ತದೆ. ಬಟ್ಟೆಯಲ್ಲಿ 2–3 ಶೇಕಡಾ ಎಲಾಸ್ಟೇನ್ (ಹಿಗ್ಗುವ ನೂಲು) ಇದ್ದರೆ ಇನ್ನೂ ಆರಾಮ.

ಶರ್ಟಿನ ಭುಜವೂ ಹೊಟ್ಟೆಯೂ ಒಂದೇ ಸೈಜಿನಲ್ಲಿ ಸಿಗದಿದ್ದರೆ ಹೊಲಿಸಿಕೊಳ್ಳುವುದೇ ವಾಸಿ. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಎಲ್ಲರೂ ಎಳೆದುಕೊಳ್ಳುತ್ತಾರೆ, ಟೈಲರ್‌ಗಳಿಗೂ ಅದು ಗೊತ್ತು! ಕೂತೂ ಒಂದು ಅಳತೆ ಕೊಡಿ. ಹೊಟ್ಟೆಯ ಹತ್ತಿರ ಗುಂಡಿಗಳ ಅಂತರ ಕಡಿಮೆ ಮಾಡಿ ಒಂದು ಗುಂಡಿ ಜಾಸ್ತಿ ಹಾಕಿ ಅಂತ ಹೇಳಿ. ಬನಿಯನ್ ಕಾಣುವ ತೊಂದರೆಗೆ ಅಷ್ಟು ಸಾಕಾಗಬಹುದು. ಮೊದಲು ಒಂದು ಶರ್ಟು ಮಾತ್ರ ಹೊಲಿಸಿ, ನಾಲ್ಕು ದಿನ ಆಫೀಸಿಗೆ ಹಾಕಿಕೊಂಡು ಹೋಗಿ ನೋಡಿ. ಸರಿಬಂದರೆ ಅದೇ ಅಳತೆಗೆ ಉಳಿದದ್ದು ಕೊಡಿ.