ಎರಡನೇ ಶನಿವಾರವನ್ನು ಹಿಡಿದುಕೊಳ್ಳಿ

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘ನನಗೆ 34. ಒಬ್ಬಳೇ ಇದ್ದೇನೆ, ಮದುವೆಯ ಯೋಚನೆ ಸದ್ಯಕ್ಕಿಲ್ಲ. ಮಾಟುಂಗಾದಲ್ಲಿ ಕಾಲೇಜು ಓದುವಾಗಿನಿಂದ ನಾವು ನಾಲ್ವರು ಗೆಳತಿಯರು. ಒಬ್ಬಳು ವಾಶಿಯಲ್ಲಿ ಗಂಡ, ಅತ್ತೆ, ಮಾವನ ಜೊತೆ ಇದ್ದಾಳೆ. ಮೀರಾ ರೋಡಿನವಳು ಈಗ ಐದು ತಿಂಗಳ ಬಸುರಿ. ಮೂರನೆಯವಳ ಮದುವೆ ಮೇ ತಿಂಗಳಲ್ಲಾಗಿ ಮುಲುಂಡಿಗೆ ಹೋದಳು. ಗ್ರೂಪಿನಲ್ಲಿ ಎಲ್ಲರೂ “ಸಿಗೋಣ” ಅನ್ನುತ್ತಾರೆ, ಸಿಗುವುದು ಮಾತ್ರ ಇಲ್ಲ. ಈಚೆಗೆ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದಾಗಲೂ ಯಾರಿಗೂ ಹೇಳಲಿಲ್ಲ. ಪ್ರತಿ ಸಲ ನಾನೇ ಮೇಲೆ ಬಿದ್ದು ಕರೆಯುವುದನ್ನು ಇನ್ನು ನಿಲ್ಲಿಸಲೆ?’

ಸಂಪಾದಕರ ಉತ್ತರ:

ಕರೆಯುವುದನ್ನು ನಿಲ್ಲಿಸಬೇಡಿ. ‘ಯಾವಾಗ ಬಿಡುವು?’ ಎಂದು ಕೇಳುವುದನ್ನು ನಿಲ್ಲಿಸಿ.

ಕಾಲೇಜಿನ ದಿನಗಳಲ್ಲಿ ನಿಮ್ಮನ್ನು ದಿನಾ ಒಟ್ಟಿಗೆ ತಂದದ್ದು ಬರೀ ಪ್ರೀತಿಯಲ್ಲ. ಒಂದೇ ಕ್ಯಾಂಟೀನು, ಒಂದೇ ಲೇಡೀಸ್ ಡಬ್ಬ, ಒಂದೇ ಪರೀಕ್ಷೆಯ ಭಯ. ಭೇಟಿಗೆಂದು ಯಾರೂ ಏನನ್ನೂ ಏರ್ಪಾಡು ಮಾಡಬೇಕಿರಲಿಲ್ಲ. ಈಗ ಪ್ರತಿ ಭೇಟಿಯನ್ನೂ ಏರ್ಪಾಡು ಮಾಡಬೇಕು, ಅದಕ್ಕೆ ಅಭ್ಯಾಸವಿಲ್ಲ, ಅಷ್ಟೆ. ಅಮೆರಿಕದ ಸಮಾಜಶಾಸ್ತ್ರಜ್ಞೆಯರಾದ ನವೋಮಿ ಗರ್ಸ್ಟೆಲ್ ಮತ್ತು ನತಾಲಿಯಾ ಸರ್ಕಿಸಿಯನ್ ಅಲ್ಲಿನ ಸಮೀಕ್ಷೆಗಳನ್ನು ಜಾಲಾಡಿ 2006ರಲ್ಲೇ ಬರೆದಿದ್ದಾರೆ: ಮದುವೆಯಾದವರು ಒಂಟಿಯಾಗಿರುವವರಿಗಿಂತ ಗೆಳೆಯರು, ನೆರೆಯವರು, ಕೊನೆಗೆ ಹೆತ್ತವರ ಜೊತೆಗೂ ಕಡಿಮೆ ಒಡನಾಡುತ್ತಾರೆ. ಅದು ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಹೆಚ್ಚಿರುವ ದೇಶದ ಮಾತು. ನಮ್ಮಲ್ಲಿ ಅತ್ತೆ, ಮಾವ, ನಾದಿನಿ, ಊರಿನಿಂದ ಬಂದು ಹೋಗುವ ನೆಂಟರು ಬೇರೆ. ಆದ್ದರಿಂದ ವಾಶಿಯ ಮೌನವನ್ನು ನಿಮ್ಮ ಬಗೆಗಿನ ತೀರ್ಮಾನ ಎಂದು ಓದಬೇಡಿ.

ಇನ್ನು ಲೆಕ್ಕಕ್ಕೆ ಬರೋಣ. ನಿಮ್ಮ ಗ್ರೂಪಿನಲ್ಲಿ ನಡೆಯುತ್ತಿರುವುದು ಇದು: ನಾಲ್ವರಿಗೂ ಆಗುವ ದಿನವನ್ನು ಹುಡುಕುತ್ತೀರಿ, ಒಬ್ಬಳಿಗೆ ಆಗದಿದ್ದರೆ ‘ಹಾಗಾದ್ರೆ ಮುಂದಿನ ವಾರ’ ಅನ್ನುತ್ತೀರಿ. ನೀವು ಯಾವಾಗಲೂ ಬರುತ್ತೀರಿ ಎಂದಿಟ್ಟುಕೊಳ್ಳಿ. ಉಳಿದ ಮೂವರಲ್ಲಿ ಪ್ರತಿಯೊಬ್ಬಳಿಗೂ ಮೂರು ಸಲದಲ್ಲಿ ಎರಡು ಸಲ ಬರಲಾಗುತ್ತದೆ ಅನ್ನಿ; ಸಂಸಾರಸ್ಥರ ಮಟ್ಟಿಗೆ ಇದು ಉದಾರವಾದ ಲೆಕ್ಕವೇ. ಮೂವರೂ ಒಂದೇ ದಿನ ಕೂಡಿಬರುವುದು 27 ಸಲದಲ್ಲಿ 8 ಸಲ. ಅಂದರೆ ತಿಂಗಳಿಗೊಂದು ದಿನ ಇಟ್ಟರೆ ವರ್ಷದಲ್ಲಿ ಮೂರೋ ನಾಲ್ಕೋ. ಆದರೆ ಒಬ್ಬಳಾದರೂ ಬರುವುದು 27ರಲ್ಲಿ 26 ಸಲ. ನೀವು ಒಬ್ಬರೇ ಕೂತು ಕಾಫಿ ಕುಡಿಯಬೇಕಾಗುವುದು ಎರಡು ವರ್ಷಕ್ಕೊಮ್ಮೆ ಮಾತ್ರ.

ಹಾಗಾಗಿ ನಿಯಮ ಇಷ್ಟೇ ಇರಲಿ. ದಿನ ಬದಲಾಗುವುದಿಲ್ಲ. ಇಬ್ಬರಿದ್ದರೆ ಭೇಟಿ ನಡೆಯುತ್ತದೆ. ಬರಲಾಗದವಳು ಕಾರಣ ಹೇಳಬೇಕಿಲ್ಲ. ಈ ಮೂರನೆಯದೇ ಮುಖ್ಯ. ಎರಡು ಸಲ ತಪ್ಪಿಸಿ ಕಾರಣ ಹೇಳಿದವಳು ಮೂರನೇ ಸಲ ನಾಚಿಕೆಗೇ ತಪ್ಪಿಸುತ್ತಾಳೆ. ಗುಂಪುಗಳು ಒಡೆಯುವುದು ಹೆಚ್ಚಾಗಿ ಹೀಗೆ, ಜಗಳದಿಂದಲ್ಲ.

ದಿನ ಎರಡನೇ ಶನಿವಾರ ಆಗಲಿ. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ, ಹಲವು ಆಫೀಸುಗಳೂ ಅದನ್ನೇ ಅನುಸರಿಸುತ್ತವೆ. ಭಾನುವಾರ ಬೇಡವೇ ಬೇಡ. ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಹೆಚ್ಚಿನ ಭಾನುವಾರ ಬೆಳಿಗ್ಗೆ 11ರ ಆಸುಪಾಸಿನಿಂದ ಸಂಜೆ 4ರವರೆಗೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ರೈಲುಗಳ ವ್ಯತ್ಯಯ, ಇರುತ್ತದೆ. ಅದೇ ಹೊತ್ತಿಗೆ ಮನೆಗೆ ನೆಂಟರೂ ಬರುತ್ತಾರೆ. ಗಂಡನಿಗೂ ಅದೊಂದೇ ರಜೆ, ಆ ಒಂದು ದಿನಕ್ಕೆ ಅವನ ಜೊತೆ ಸ್ಪರ್ಧೆಗಿಳಿದು ಗೆದ್ದ ಗೆಳತಿಯರು ಕಡಿಮೆ.

ಸ್ಥಳಕ್ಕೆ ಮಾಟುಂಗಾವೇ ಸರಿ, ನೆನಪಿನ ಮೋಹಕ್ಕಲ್ಲ, ರೈಲಿನ ಕಾರಣಕ್ಕೆ. ನಿಮಗೂ ಮುಲುಂಡಿನವಳಿಗೂ ಸ್ಲೋ ಗಾಡಿ ನೇರ ಮಾಟುಂಗಾಕ್ಕೆ ಬರುತ್ತದೆ. ಮೀರಾ ರೋಡಿನವಳು ಸ್ಲೋ ಹಿಡಿದು ಮಾಟುಂಗಾ ರೋಡಿನಲ್ಲಿ ಇಳಿದರೆ ಝಡ್ ಬ್ರಿಡ್ಜ್ ಎಂಬ ಕಾಲುಸೇತುವೆ ದಾಟಿ ನಡೆದೇ ಬರಬಹುದು (ಬಸುರಿಗೆ ಆ ಮೆಟ್ಟಿಲು ಕಷ್ಟವೆನಿಸಿದರೆ ದಾದರಿನಿಂದ ಟ್ಯಾಕ್ಸಿ). ವಾಶಿಯವಳಿಗೆ ಕುರ್ಲಾದಲ್ಲಿ ಒಂದು ಬದಲಾವಣೆ, ಅಷ್ಟೆ. ಸಮಯ ಬೆಳಿಗ್ಗೆ 9. ಮನೆಗೆ ಮರಳಲು 12 ದಾಟಬಾರದು. ‘ಮಧ್ಯಾಹ್ನದ ಅಡುಗೆಗೆ ಬಂದುಬಿಡ್ತೀನಿ’ ಎಂದು ಹೇಳಿ ಹೊರಡುವವಳಿಗೆ ಮನೆಯಲ್ಲಿ ಯಾರೂ ಅಡ್ಡ ಮಾತಾಡುವುದಿಲ್ಲ. ಊಟಕ್ಕೆ ಹೊರಗೆ ಹೋಗುವವಳಿಗೆ ನೂರು ಪ್ರಶ್ನೆ. ಅಲ್ಲಿನ ಹೋಟೆಲುಗಳಲ್ಲಿ ವಾರಾಂತ್ಯದ ಬೆಳಿಗ್ಗೆ ಬಾಗಿಲಲ್ಲೇ ಸಾಲು ನಿಂತಿರುತ್ತದೆ, ತಟ್ಟೆ ಖಾಲಿಯಾದ ಕೂಡಲೇ ಬಿಲ್ಲು ಬರುತ್ತದೆ. ಅಲ್ಲಿ ತಿಂಡಿ ಮಾತ್ರ ತಿನ್ನಿ, ಮಾತಿಗೆ ಫೈವ್ ಗಾರ್ಡನ್ಸಿನ ಕಡೆ ನಡೆಯಿರಿ. ಅಕ್ಕಪಕ್ಕ ನಡೆಯುವಾಗ, ಎದುರುಬದುರು ಕೂತಾಗ ಬಾರದ ಎಷ್ಟೋ ಮಾತು ತಾನಾಗಿ ಬರುತ್ತದೆ.

ಮುಲುಂಡಿನವಳ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ, ಅದನ್ನು ಬಿಟ್ಟುಕೊಡಬೇಡಿ. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಬರುತ್ತಾಳೆ. ಕರಾವಳಿಯವರಾದರೆ ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳಲ್ಲಿ. ಮುಂಬೈಯಲ್ಲಿ ಈಗ ಇಡೀ ತಿಂಗಳು ಬರುವವರು ಕಡಿಮೆಯಾದರೂ ನಾಲ್ಕು ದಿನಕ್ಕಾದರೂ ಕಳಿಸುತ್ತಾರೆ. ಆ ಮನೆ ನಿಮಗೂ ಗೊತ್ತಿರುವ ಮನೆ, ಅವಳಮ್ಮ ನಿಮಗೂ ಅಮ್ಮನ ಹಾಗೆ. ರಾತ್ರಿ ಉಳಿದುಕೊಳ್ಳುವ ಹಾಗೆಯೇ ಹೋಗಿ. ಮದುವೆಯ ಮೊದಲ ತಿಂಗಳುಗಳಲ್ಲಿ ಹೇಳಿಕೊಳ್ಳಬೇಕಾದದ್ದು ಬಹಳ ಇರುತ್ತದೆ, ಗಂಡನ ಮನೆಯ ಹಾಲಿನಲ್ಲಿ ಕೂತು ಅದನ್ನು ಯಾರೂ ಹೇಳಲಾರರು. ಶ್ರಾವಣ ಬಂತೆಂದರೆ ಮಂಗಳವಾರಗಳು ಮಂಗಳಗೌರಿ ವ್ರತಕ್ಕೆ ಹೋಗುತ್ತವೆ. ಮೊದಲ ದೀಪಾವಳಿ ಅಳಿಯನಿಗೆ. ಆ ದಿನಗಳಲ್ಲಿ ಅವಳು ಫೋನ್ ಎತ್ತದಿದ್ದರೆ ಎಣಿಸುತ್ತಾ ಕೂರಬೇಡಿ.

ವಾಶಿಯ ಮನೆಗೆ ಹೋಗುವ ಕ್ರಮವೇ ಬೇರೆ. ನಮ್ಮ ಊರಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾಲ್ಕು ಜನ ಇದ್ದರೆ ಗೆಳತಿಯ ಜೊತೆ ಮಾತಾಡಲು ಜಾಗವೇ ಇರುವುದಿಲ್ಲ. ಮಾವ ಟಿವಿ ಮುಂದೆ, ಅತ್ತೆ ಸೋಫಾದ ಮೇಲೆ, ನೀವಿಬ್ಬರೂ ಬಿಸ್ಕತ್ತಿನ ತಟ್ಟೆಯ ಎರಡು ಕಡೆ. ಅಲ್ಲಿ ಗುಟ್ಟು ಹುಡುಕಬೇಡಿ. ನಾಲ್ಕು ಗಂಟೆಯ ಚಹಾಕ್ಕೆ ಹೋಗಿ, ಮೊದಲ ಅರ್ಧ ಗಂಟೆ ಪೂರ್ತಿ ಅತ್ತೆಯವರಿಗೆ ಕೊಡಿ: ಊರು ಯಾವುದು, ಮಂಡಿನೋವು ಹೇಗಿದೆ, ಈ ಸಲ ಊರಿಗೆ ಯಾವಾಗ. ಇದು ನಾಟಕವಲ್ಲ, ನೀವು ಆ ಮನೆಗೂ ಪರಿಚಿತರಾಗಬೇಕು. ಆಮೇಲೆ ‘ಬಾರೇ, ತರಕಾರಿ ತಂದುಬಿಡೋಣ’ ಎಂದು ಅವಳನ್ನು ಎಬ್ಬಿಸಿ. ಮಾರುಕಟ್ಟೆಯವರೆಗೆ ನಡೆದು ಹೋಗಿ ಬರುವ 40 ನಿಮಿಷ ನಿಮ್ಮಿಬ್ಬರದು. ಮನೆಗೆ ಕೊತ್ತಂಬರಿ ಸೊಪ್ಪು ಬಂತು, ಯಾರ ಸಮಯವೂ ಹಾಳಾಗಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಹೊರಟುಬಿಡಿ. ಊಟಕ್ಕೆ ನಿಂತರೆ ಅವಳಿಗೆ ಇನ್ನೊಂದು ಸುತ್ತಿನ ಅಡುಗೆ.

ಗಂಡಂದಿರ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ, ಅದೇ ಸ್ವಲ್ಪ ಅನುಮಾನ. ಗೆಳತಿಯ ಗಂಡನನ್ನು ‘ಅವಳನ್ನು ಕರೆದುಕೊಂಡು ಹೋದವನು’ ಎಂಬಂತೆ ನೋಡುವುದು ತಮಾಷೆಗೆ ಚೆಂದ, ಮೂರನೇ ವರ್ಷಕ್ಕೆ ದುಬಾರಿ. ಅವರ ಜೊತೆ ನೇರವಾಗಿ ಮಾತಾಡುವ ಒಂದು ವಿಷಯವನ್ನು ಹುಡುಕಿಕೊಳ್ಳಿ. ಕ್ರಿಕೆಟ್ಟೋ, ಯಕ್ಷಗಾನವೋ, ಸೊಸೈಟಿಯ ನೀರಿನ ಸಮಸ್ಯೆಯೋ, ಏನಾದರೂ ಆದೀತು. ವರ್ಷಕ್ಕೆ ಎರಡು ಸಲ ದಂಪತಿಗಳನ್ನು ಡೊಂಬಿವಲಿಗೆ ಊಟಕ್ಕೆ ಕರೆಯಿರಿ. ಒಂಟಿಯಾಗಿರುವವರು ಸದಾ ಅತಿಥಿಯಾಗಿಯೇ ಉಳಿದರೆ ಜನ ಅವರನ್ನು ‘ಪಾಪ’ ಎಂದು ನೋಡಲು ಕಲಿಯುತ್ತಾರೆ. ಒಂದು ಸಲಕ್ಕೆ ಒಂದೇ ಜೋಡಿ ಸಾಕು. ಬಿಸಿಬೇಳೆಬಾತು, ಮೊಸರನ್ನ, ಸಂಡಿಗೆ ಮಾಡಿದರೆ ಮುಗಿಯಿತು. ಹತ್ತು ಬಗೆ ಮಾಡಿ ಸುಸ್ತಾದರೆ ಎರಡನೇ ಸಲ ಕರೆಯುವುದೇ ಇಲ್ಲ.

ಫೋನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೋಕಲ್ ಒಳಗಿಂದ ಮಾಡಬೇಡಿ, ಅರ್ಧ ಕೇಳುವುದಿಲ್ಲ. ಸ್ಟೇಷನ್ನಿನಿಂದ ಮನೆಗೆ ನಡೆಯುವ ಹತ್ತು ನಿಮಿಷ ಚೆನ್ನ. ವಾಯ್ಸ್ ಮೆಸೇಜು ಎರಡು ನಿಮಿಷ ಮೀರದಿರಲಿ, ಮೊದಲಿಗೇ ‘ಉತ್ತರ ಕೊಡಬೇಕಾಗಿಲ್ಲ’ ಎಂದು ಹೇಳಿ. ‘ನೀನು ಬದಲಾಗಿದ್ದೀಯ’ ಎಂಬ ವಾಕ್ಯವನ್ನು ಯಾವ ಕಾರಣಕ್ಕೂ ಕಳಿಸಬೇಡಿ, ಅದಕ್ಕೆ ಕೊಡಬಹುದಾದ ಉತ್ತರವೇ ಇಲ್ಲ. ಬೇಕಾದದ್ದನ್ನು ಕೇಳಿ: ‘ಗುರುವಾರ ರಾತ್ರಿ ಒಂಬತ್ತೂವರೆಗೆ ಹತ್ತು ನಿಮಿಷ ಮಾತಾಡಬೇಕು, ಆಗ್ತದಾ?’

ಮೀರಾ ರೋಡಿನವಳ ಮುಂದಿನ ತಿಂಗಳುಗಳನ್ನು ಈಗಲೇ ಲೆಕ್ಕ ಹಾಕಿ. ಚೊಚ್ಚಲ ಹೆರಿಗೆ ತವರಿನಲ್ಲಿ. ತವರು ಊರಿನಲ್ಲಿದ್ದರೆ ಸೀಮಂತ ಮುಗಿದು ಏಳನೇ ತಿಂಗಳಲ್ಲಿ ಹೋದವಳು ಮಗುವಿಗೆ ಮೂರು ತಿಂಗಳಾದ ಮೇಲೆ ಮರಳುತ್ತಾಳೆ. ಒಟ್ಟು ಐದು ಆರು ತಿಂಗಳು. ಎರಡನೇ ಶನಿವಾರಕ್ಕೆ ಅವಳು ಸಿಗುವುದಿಲ್ಲ, ಆದರೆ 9 ಗಂಟೆಗೆ ಮಾಟುಂಗಾದಿಂದ ಒಂದು ವಿಡಿಯೊ ಕಾಲ್ ಹೋಗಬಹುದು. ಬಾಣಂತಿಯನ್ನು ನೋಡಲು ಹೋದರೆ ತಿನ್ನುವುದನ್ನು ಒಯ್ಯಬೇಡಿ. ಅವಳ ಪಥ್ಯವನ್ನು ಅವಳಮ್ಮ ಕಾಯುತ್ತಿರುತ್ತಾರೆ. ನೆಗಡಿಯಿದ್ದರೆ ಹೋಗಲೇಬೇಡಿ, ಮಗುವಿಗೆ ಮುತ್ತು ಬೇಡ. ‘ಒಂದು ಗಂಟೆ ಮಗುವನ್ನು ನಾನು ನೋಡಿಕೊಳ್ತೇನೆ, ನೀನು ಮಲಗು’ ಎಂದರೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಆದರೆ ಇದೇ ನಿಮ್ಮ ಕೆಲಸವಾಗಬಾರದು. ‘ಅವಳಿಗೇನು, ಒಬ್ಬಳೇ ಇದ್ದಾಳೆ, ಬರ್ತಾಳೆ’ ಎಂಬ ಮಾತು ಯಾವ ಮನೆಯಲ್ಲಿ ಕೇಳಿಸಿದರೂ ಮುಂದಿನ ಸಲ ‘ಆಗೋದಿಲ್ಲ’ ಅನ್ನಿ.

ದುಡ್ಡಿನ ಮಾತು ಯಾರೂ ಎತ್ತುವುದಿಲ್ಲ, ಎತ್ತಬೇಕು. ಮದುವೆ, ಸೀಮಂತ, ನಾಮಕರಣ, ಮೊದಲ ಹುಟ್ಟುಹಬ್ಬ: ಕೊಡುವ ಕೈ ನಿಮ್ಮದೇ, ತಿರುಗಿ ಬರುವ ಸಂದರ್ಭವೇ ಇಲ್ಲ. ಪ್ರತಿ ಸಮಾರಂಭಕ್ಕೂ ಮೂವರು ಸೇರಿ ಒಂದೇ ಉಡುಗೊರೆ ಎಂದು ಗೊತ್ತುಮಾಡಿಕೊಳ್ಳಿ. ಎರಡು ಜೋಡಿಗಳ ಜೊತೆ ನೀವು ಮಾಥೇರಾನಿಗೆ ಹೊರಟರೆ ರೂಮು ಮೂರು. ರಾತ್ರಿಗೆ ರೂಮಿಗೆ 3,000 ಅಂದುಕೊಂಡರೆ, ರೂಮಿನ ಲೆಕ್ಕದಲ್ಲಿ ನಿಮ್ಮ ಪಾಲು 3,000, ಅವರಿಗೆ ತಲೆಗೆ 1,500. ಐವರಿಗೂ ಸಮನಾಗಿ ಹಂಚಿದರೆ 1,800. ಜೊತೆಗಾಗಿಯೇ ಹೋಗುವ ಪ್ರವಾಸಕ್ಕೆ ತಲೆಲೆಕ್ಕವೇ ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಬುಕಿಂಗ್‌ಗೆ ಮೊದಲೇ ಹೇಳಿ, ಬಿಲ್ಲು ಬಂದ ಮೇಲೆ ಹೇಳಿದರೆ ಅದು ಜಗಳವಾಗುತ್ತದೆ.

ಟೈಫಾಯ್ಡ್ ವಿಷಯದಲ್ಲಿ ಮಾತ್ರ ನಿಮ್ಮನ್ನು ಒಪ್ಪಲಾಗುವುದಿಲ್ಲ. ‘ತೊಂದರೆ ಕೊಡಬಾರದು’ ಎಂದು ಸುಮ್ಮನಿದ್ದಿರಿ. ಆಮೇಲೆ ತಿಳಿದಾಗ ಅವರಿಗೆ ‘ನಮ್ಮನ್ನು ಹೊರಗಿಟ್ಟಳು’ ಅನ್ನಿಸುತ್ತದೆ. ಎರಡು ಪದರದ ವ್ಯವಸ್ಥೆ ಮಾಡಿ. ಮೊದಲ ಗಂಟೆಗೆ ನೆರೆಮನೆ: ಮನೆಯ ಒಂದು ಕೀಲಿಕೈ ಅಲ್ಲಿರಲಿ, ಏಕೆಂದರೆ ವಾಶಿಯಿಂದ ಡೊಂಬಿವಲಿಗೆ ಬರಲು ಯಾರಿಗಾದರೂ ಗಂಟೆಗಿಂತ ಹೆಚ್ಚು ಬೇಕು. ಮೊದಲ ದಿನಕ್ಕೆ ಮುಲುಂಡಿನವಳು: ನಿಮ್ಮದೇ ಲೈನು, ಎಲ್ಲರಿಗಿಂತ ಹತ್ತಿರ. ಆಫೀಸಿನಲ್ಲಿ ತುರ್ತಿಗೆ ಅವಳ ಹೆಸರು ಕೊಡುವ ಮೊದಲು ಅವಳನ್ನೂ ಅವಳ ಗಂಡನನ್ನೂ ಕೇಳಿ. ವಿಮೆಯ ಕಾರ್ಡು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಊರಿನ ಒಂದು ನಂಬರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋಟೊ ತೆಗೆದು ಕಳಿಸಿ.

ಹೊಸ ಗೆಳೆತನದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು. ವಾರಕ್ಕೆ ಮೂರು ಗಂಟೆಯಂತೆ 200 ಗಂಟೆ ತುಂಬಲು ಒಂದೂಕಾಲು ವರ್ಷ. ಒಂದು ದಿನದ ಸಮಾರಂಭಗಳಿಂದ ಇದು ಆಗುವುದಿಲ್ಲ, ನಾಟಕದ ತಾಲೀಮು, ಯಕ್ಷಗಾನದ ತರಗತಿಯಂಥ ವಾರವಾರದ ಕೆಲಸ ಬೇಕು; ಮುಂಬೈಯ ಕನ್ನಡ ಸಂಘಗಳಲ್ಲಿ ಅದಕ್ಕೆ ಬರವಿಲ್ಲ. ಮಾಟುಂಗಾದಲ್ಲೇ 1926ರಿಂದ ಮೈಸೂರು ಅಸೋಸಿಯೇಶನ್ ಇದೆ. ಈ ಮೂವರ ಜೊತೆ ನೀವು 200 ಗಂಟೆಯನ್ನು ಎಂದೋ ದಾಟಿದ್ದೀರಿ, ಅವರ ಮಟ್ಟಿಗೆ ತಿಂಗಳಿಗೆ ಮೂರು ಗಂಟೆ ಸಾಕು.

ಜುಲೈ, ಆಗಸ್ಟಿಗೆ ಒಂದು ತಿದ್ದುಪಡಿ. ಮಳೆಗೆ ಮಾಟುಂಗಾದ ಹತ್ತಿರದ ಕಿಂಗ್ಸ್ ಸರ್ಕಲ್ ಮತ್ತು ಗಾಂಧಿ ಮಾರ್ಕೆಟ್ ಕಡೆ ನೀರು ನಿಲ್ಲುವುದು ನಿಮಗೆ ಗೊತ್ತೇ ಇದೆ. ಮಹಾನಗರಪಾಲಿಕೆ ಮಳೆಗಾಲಕ್ಕೆ ಮೊದಲೇ ಸಮುದ್ರದ ಭರತ 4.5 ಮೀಟರ್ ಮೀರುವ ದಿನಗಳ ಪಟ್ಟಿ ಕೊಡುತ್ತದೆ. ಎರಡನೇ ಶನಿವಾರ ಆ ಪಟ್ಟಿಯಲ್ಲಿದ್ದರೆ ಜಾಗ ಮುಲುಂಡ್ ಸ್ಟೇಷನ್ ಹತ್ತಿರದ ಯಾವುದಾದರೂ ಹೋಟೆಲು ಎಂದು ಈಗಲೇ ಗ್ರೂಪಿನಲ್ಲಿ ಹಾಕಿಬಿಡಿ. ದಿನ ಮಾತ್ರ ಅದೇ.