ಕಾರಿನಲ್ಲಿ ಪಿಸ್ತೂಲು ಬಿಟ್ಟು ಇಳಿಯಬೇಕಾದಾಗ ಗ್ಲೋವ್ ಬಾಕ್ಸ್ ಯಾಕೆ ಸಾಲದು

ನೀವು ಕೇಳಿರುವುದು ಇಷ್ಟು: ಟೆಕ್ಸಾಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಇದೆ, ಪಿಸ್ತೂಲು ಒಯ್ಯಲು ರಾಜ್ಯ ಕೊಡುವ ಎಲ್‌ಟಿಸಿ ಪರವಾನಗಿ ಕೈಗೆ ಬಂದಿದೆ. ಗ್ಲಾಕ್ 19 ಪಿಸ್ತೂಲನ್ನು ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೀರಿ. ಮಕ್ಕಳ ಶಾಲೆ, ಅಂಚೆ ಕಚೇರಿ, ಪರವಾನಗಿ ಇದ್ದವರೂ ಬಚ್ಚಿಟ್ಟ ಪಿಸ್ತೂಲು ತರಬಾರದೆನ್ನುವ 30.06 ಫಲಕವನ್ನು ಬಾಗಿಲಲ್ಲಿ ಹಾಕಿರುವ ದೇವಸ್ಥಾನ, ಇಂಥ ಕಡೆ ಇಳಿಯುವಾಗ ಅದನ್ನು ಕಾರಿನಲ್ಲೇ ಬಿಡಬೇಕಾಗುತ್ತದೆ. ಗ್ಲೋವ್ ಬಾಕ್ಸಿಗೆ ಬೀಗ ಹಾಕಿದರೆ ಸಾಕೇ? ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿರುತ್ತಾರೆ.

ಸಾಲದು. ಗ್ಲೋವ್ ಬಾಕ್ಸಿನ ಬಾಗಿಲು ಪ್ಲಾಸ್ಟಿಕ್, ಅದರ ಬೀಗ ಹೆಸರಿಗಷ್ಟೇ ಬೀಗ. ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಒಮ್ಮೆ ಮೀಟಿದರೆ ಬಾಯಿ ಬಿಡುತ್ತದೆ. ಟೆಸ್ಲಾದಲ್ಲಿ ಅದಕ್ಕೆ ಪಿನ್ ಹಾಕಬಹುದು ನಿಜ, ಆದರೆ ಬಾಗಿಲು ಅಲ್ಲೂ ಪ್ಲಾಸ್ಟಿಕ್ಕೇ. ಗಾಜು ಒಡೆದವನು ಮೊದಲು ಕೈ ಹಾಕುವುದು ಅಲ್ಲಿಗೆ, ಆಮೇಲೆ ನಡುವಿನ ಕನ್ಸೋಲಿಗೆ, ಆಮೇಲೆ ಸೀಟಿನಡಿಗೆ. ಇನ್ನೊಂದು ತೊಡಕಿದೆ. ನಿಮ್ಮ ಇನ್ಶೂರೆನ್ಸ್ ಕಾಗದ ಇರುವುದೂ ಅಲ್ಲೇ. ಪೊಲೀಸರು ಗಾಡಿ ನಿಲ್ಲಿಸಿ ಕಾಗದ ಕೇಳಿದಾಗ ಬಾಗಿಲು ತೆರೆದೊಡನೆ ಪಿಸ್ತೂಲು ಕಾಣುವುದು ಯಾರಿಗೂ ಒಳ್ಳೆಯದಲ್ಲ. ಕಾಗದಗಳನ್ನು ಇವತ್ತೇ ಸನ್ ವೈಸರಿನ ಹಿಂದಕ್ಕೆ ಸಾಗಿಸಿ.

ಬೇಕಾದದ್ದು ಕಾರಿನ ಉಕ್ಕಿನ ಚೌಕಟ್ಟಿಗೆ ಕಟ್ಟಿದ ಉಕ್ಕಿನ ಪೆಟ್ಟಿಗೆ. ಕೊಳ್ಳುವಾಗ ತಗಡಿನ ದಪ್ಪ ಹೇಳುವ ಗೇಜ್ ಸಂಖ್ಯೆ ನೋಡಿ. ಸಂಖ್ಯೆ ಕಮ್ಮಿಯಾದಷ್ಟೂ ತಗಡು ದಪ್ಪ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 16 ಗೇಜ್ 1.5 ಮಿ.ಮೀ., 12 ಗೇಜ್ 2.6 ಮಿ.ಮೀ. ಕೇಬಲ್ಲಿನಲ್ಲಿ ಕಟ್ಟುವ ಪೆಟ್ಟಿಗೆಗೆ 16 ಗೇಜ್ ಕನಿಷ್ಠ ಎಂದಿಟ್ಟುಕೊಳ್ಳಿ. ತೆಳು ತಗಡಿನ ಮುಚ್ಚಳವನ್ನು ಮೂಲೆಯಲ್ಲಿ ಮೀಟಿದರೆ ಬೀಗ ಗಟ್ಟಿಯಿದ್ದರೂ ತಗಡೇ ಬಾಗಿ ಕೈ ತೂರುವಷ್ಟು ಸಂದು ಬೀಳುತ್ತದೆ. ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಗ್ಲಾಕ್ 19ರ ಉದ್ದ 185 ಮಿ.ಮೀ., ಎತ್ತರ 128, ದಪ್ಪ 34. ಆ ಲೆಕ್ಕದಲ್ಲಿ ಪೆಟ್ಟಿಗೆ ತಂದರೆ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಸಮೇತ ಹಿಡಿಸುವುದಿಲ್ಲ, ಕ್ಲಿಪ್ ಮುಚ್ಚಳಕ್ಕೆ ತಾಗುತ್ತದೆ. ನಿಮ್ಮ ಹೋಲ್‌ಸ್ಟರಿಗೆ ಪಿಸ್ತೂಲು ಸಿಕ್ಕಿಸಿ ಮೇಜಿನ ಮೇಲಿಟ್ಟು ಅಳೆದು, ಎಲ್ಲ ಕಡೆ ಒಂದೊಂದು ಸೆಂಟಿಮೀಟರ್ ಸೇರಿಸಿ, ಪೆಟ್ಟಿಗೆಯ ಒಳಗಿನ ಅಳತೆಗೆ ಹೋಲಿಸಿ. ಹೋಲ್‌ಸ್ಟರ್ ಸಮೇತವೇ ಯಾಕೆ ಹಿಡಿಸಬೇಕು ಎಂಬುದೇ ಈ ಉತ್ತರದ ಮುಖ್ಯ ಮಾತು, ಮುಂದೆ ಬರುತ್ತದೆ.

ಬೀಗ ಸರಳವಾದಷ್ಟೂ ಒಳ್ಳೆಯದು. ಬೆರಳಚ್ಚಿನ ಬೀಗ ಮನೆಯ ಹಾಸಿಗೆ ಪಕ್ಕಕ್ಕೆ ಸರಿ. ಟೆಕ್ಸಾಸ್‌ನ ಕಾರಿಗೆ ನಾನು ಅದನ್ನು ಹೇಳುವುದಿಲ್ಲ, ಬಿಸಿಗೆ ಬ್ಯಾಟರಿ ಸೋರುತ್ತದೆ, ಬೆವರಿದ ಬೆರಳನ್ನು ಅದು ಗುರುತಿಸುವುದಿಲ್ಲ. ಒತ್ತುವ ಗುಂಡಿಗಳ ಯಾಂತ್ರಿಕ ಬೀಗವೋ ಕೀಲಿಯ ಬೀಗವೋ ಇರಲಿ. ಅಂಕಿ ತಿರುಗಿಸುವ ಬೀಗವಾದರೆ ಕಾರ್ಖಾನೆಯಿಂದ ಬಂದ 0-0-0 ಅನ್ನು ಮೊದಲ ದಿನವೇ ಬದಲಿಸಿ, ಮುಚ್ಚಿದ ಮೇಲೆ ಎಲ್ಲ ಚಕ್ರಗಳನ್ನೂ ಕಲಸಿ. ಒಂದೇ ಅಂಕಿ ಸರಿಸಿ ಬಿಡುವ ಚಾಳಿ ಇದ್ದರೆ ಒಂಬತ್ತು ವರ್ಷದ ಹುಡುಗ ಹತ್ತು ಸಲ ತಿರುಗಿಸುವಷ್ಟರಲ್ಲಿ ತೆರೆಯುತ್ತಾನೆ. ತುರ್ತಿಗೆ ಕೊಟ್ಟ ಎರಡನೇ ಕೀಲಿ ಮನೆಯಲ್ಲಿರಬೇಕು, ಕಾರಿನ ಕಪ್ ಹೋಲ್ಡರಿನಲ್ಲಲ್ಲ.

ಪೆಟ್ಟಿಗೆಯ ಜತೆ ಬರುವ ಕೇಬಲ್ ಸಾಮಾನ್ಯವಾಗಿ 5 ಮಿ.ಮೀ. ದಪ್ಪ. ಉದ್ದ ಹಿಡಿಯ ಬೋಲ್ಟ್ ಕಟರ್ ಇದ್ದವನಿಗೆ ಅದು ಕ್ಷಣದ ಕೆಲಸ. ಗಾಜು ಒಡೆದು ಸಿಕ್ಕಿದ್ದನ್ನು ಕಿತ್ತುಕೊಂಡು ಓಡುವವನನ್ನು ಅದು ತಡೆಯುತ್ತದೆ, ಸಲಕರಣೆ ತಂದವನನ್ನಲ್ಲ. ಅದನ್ನು ಸೀಟಿನ ಕೆಳಗಿನ ಉಕ್ಕಿನ ಅಡ್ಡಪಟ್ಟಿಗೆ ಸುತ್ತಿ, ಸಡಿಲ ಉಳಿಸದೆ ಗಿಡ್ಡವಾಗಿ ಕಟ್ಟಿ. ಉದ್ದ ಬಿಟ್ಟರೆ ಪೆಟ್ಟಿಗೆಯನ್ನು ಬಾಗಿಲವರೆಗೂ ಎಳೆದು, ಸನ್ನೆಗೋಲು ಹಾಕಲು ಜಾಗ ಸಿಗುತ್ತದೆ. ಕಟ್ಟಿದ ಮೇಲೆ ಸೀಟನ್ನು ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿ. ಮೋಟಾರಿನ ಸೀಟು ಕೇಬಲ್ಲನ್ನು ಹಳಿಯಲ್ಲಿ ಸಿಕ್ಕಿಸಿ ಜಜ್ಜಬಲ್ಲದು. ಸೀಟಿನಡಿಯಲ್ಲಿ ಕಾಣುವ ಹಳದಿ ಬಣ್ಣದ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದರ ಹತ್ತಿರವೂ ಕೇಬಲ್ ಹಾಯಬಾರದು.

ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ ಕನ್ಸೋಲ್ ಪೆಟ್ಟಿಗೆ ಸಿಗುವುದಾದರೆ ಅದನ್ನೇ ತನ್ನಿ. 12 ಗೇಜಿನವು ಸಿಗುತ್ತವೆ, ಕನ್ಸೋಲಿನೊಳಗೆ ಮೊದಲೇ ಇರುವ ಬೋಲ್ಟ್ ಜಾಗಗಳಿಗೇ ಕೂರುತ್ತವೆ, ಕೊರೆಯುವ ಕೆಲಸವಿಲ್ಲ. ಬೋಲ್ಟಿನ ತಲೆ ಒಳಗೇ ಉಳಿಯುವುದರಿಂದ ಪೆಟ್ಟಿಗೆ ತೆರೆಯದೆ ಬಿಚ್ಚಲಾಗದು. ನೆಲಕ್ಕೆ ನೀವೇ ತೂತು ಕೊರೆಯುವ ಯೋಚನೆ ಇದ್ದರೆ ಕೈಬಿಡಿ. ಪೆಟ್ರೋಲ್ ಕಾರಿನಲ್ಲಿ ನೆಲದಡಿ ಇಂಧನ ಮತ್ತು ಬ್ರೇಕಿನ ಕೊಳವೆಗಳು ಹಾದಿರುತ್ತವೆ, ವಿದ್ಯುತ್ ಕಾರಿನಲ್ಲಿ ನೆಲದಡಿ ಇರುವುದೇ ಹೈವೋಲ್ಟೇಜ್ ಬ್ಯಾಟರಿ.

ಡಿಕ್ಕಿ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಸೆಡಾನ್ ಆದರೆ ಹೊರಗಿನ ಕಣ್ಣಿಗೆ ಬೀಳದು, ಅಷ್ಟು ಲಾಭ. ಆದರೆ ಹಿಂದಿನ ಸೀಟು ಮಡಚುವ ಕಾರಿನಲ್ಲಿ ಡಿಕ್ಕಿ ಎಂಬುದು ಒಳಗಿನಿಂದಲೇ ತೆರೆದ ಕೋಣೆ. ಡಿಕ್ಕಿಯಲ್ಲೂ ಪೆಟ್ಟಿಗೆ ಕಟ್ಟಿಯೇ ಇರಬೇಕು. ಮ್ಯಾಗ್ನೆಟ್ಟಿಗೆ ಅಂಟಿಸಿ ಸ್ಟಿಯರಿಂಗ್ ಕೆಳಗೆ ನೇತುಹಾಕುವುದಂತೂ ಬೇಡವೇ ಬೇಡ. ಟ್ರಿಗರ್ ಬಯಲಾಗಿರುತ್ತದೆ, ಗುದ್ದಿದ ಹೊಡೆತಕ್ಕೆ ಪಿಸ್ತೂಲು ಕಳಚಿ ಹಾರುತ್ತದೆ. ಸೀಟಿನಡಿ ಸುಮ್ಮನೆ ತಳ್ಳಿಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲಿನಡಿಗೆ ಜಾರುತ್ತದೆ, ಇಲ್ಲವೇ ಹಿಂದೆ ಕೂತ ಮಗುವಿನ ಕಾಲಬುಡಕ್ಕೆ.

ಇನ್ನು ಮುಖ್ಯ ಮಾತು. ಕಾರಿನಲ್ಲಿ ಗುಂಡು ಹಾರುವ ಅಪಾಯ ಹೆಚ್ಚಿರುವುದು ಪಿಸ್ತೂಲು ಪೆಟ್ಟಿಗೆಯಲ್ಲಿರುವಾಗ ಅಲ್ಲ, ಸೊಂಟದಿಂದ ಪೆಟ್ಟಿಗೆಗೂ ಪೆಟ್ಟಿಗೆಯಿಂದ ಸೊಂಟಕ್ಕೂ ಹೋಗುವ ಆ ಅರ್ಧ ನಿಮಿಷದಲ್ಲಿ. ಜಾಗ ಇಕ್ಕಟ್ಟು, ಸೀಟ್ ಬೆಲ್ಟು, ಅಂಗಿಯ ಅಂಚು, ಜಾಕೆಟ್ಟಿನ ದಾರ, ಎಲ್ಲವೂ ಟ್ರಿಗರಿನ ಸುತ್ತಲೇ. ಕೊಡಗಿನ ಕೋವಿ ನೋಡಿ ಬೆಳೆದವರಿಗೂ ಪಿಸ್ತೂಲು ಬೇರೆಯೇ ವಸ್ತು. ನಳಿಗೆ ಗಿಡ್ಡ, ಮಣಿಕಟ್ಟು ಸ್ವಲ್ಪ ತಿರುಗಿದರೆ ಅದು ನಿಮ್ಮ ತೊಡೆಯನ್ನೋ ಪಕ್ಕದವರ ಹೊಟ್ಟೆಯನ್ನೋ ನೋಡುತ್ತಿರುತ್ತದೆ. ಆದ್ದರಿಂದ ಕಾರಿನೊಳಗೆ ಪಿಸ್ತೂಲನ್ನು ಹೋಲ್‌ಸ್ಟರಿನಿಂದ ಹೊರಗೆಳೆಯಲೇಬೇಡಿ. ಎರಡನ್ನೂ ಒಂದೇ ವಸ್ತುವಾಗಿ ತೆಗೆಯಿರಿ, ಒಂದೇ ವಸ್ತುವಾಗಿ ಇಡಿ. ಇದಕ್ಕೆ ಸೊಂಟದ ಬೆಲ್ಟು ಬಿಚ್ಚದೆ ಕಳಚುವ ಕ್ಲಿಪ್ಪಿನ, ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬೇಕು. ಬೆಲ್ಟು ತೂರಿಸುವ ಕುಣಿಕೆಯ ಹೋಲ್‌ಸ್ಟರ್ ನಿಮ್ಮ ದಿನಚರಿಗೆ ಹೊಂದದು, ಬದಲಿಸಿ.

ಕ್ರಮ ಹೀಗಿರಲಿ. ಹೋಗಬೇಕಾದ ಜಾಗ ತಲುಪುವ ಮೊದಲೇ, ಒಂದೆರಡು ರಸ್ತೆ ಆಚೆ, ಜನ ಓಡಾಡದ ಕಡೆ ನಿಲ್ಲಿಸಿ. ದೇವಸ್ಥಾನದ ಪಾರ್ಕಿಂಗಿನಲ್ಲಿ ಸೊಂಟ ತಡಕುವವರನ್ನು, ಡಿಕ್ಕಿ ತೆರೆದು ಏನೋ ಇಟ್ಟು ಒಳಗೆ ಹೋಗುವವರನ್ನು ನೋಡುತ್ತಾ ಕೂರುವುದೇ ಕಳ್ಳನ ಕೆಲಸ. ಗೇರ್ ಪಾರ್ಕಿಗೆ ಹಾಕಿ, ಬಾಗಿಲುಗಳನ್ನು ಲಾಕ್ ಮಾಡಿ, ಸೀಟು ಹಿಂದಕ್ಕೆ ಸರಿಸಿ, ಸೀಟ್ ಬೆಲ್ಟು ಬಿಚ್ಚಿ. ಮೊದಲು ಪೆಟ್ಟಿಗೆ ತೆರೆಯಿರಿ. ಪಿಸ್ತೂಲು ಕೈಯಲ್ಲಿ ಹಿಡಿದು ಬೀಗದ ಅಂಕಿ ಹುಡುಕುವ ಹಾಗಾಗಬಾರದು. ಎಡಗೈಯಲ್ಲಿ ಅಂಗಿಯನ್ನು ಎದೆವರೆಗೂ ಎತ್ತಿ ಹಿಡಿದು, ಬಲಗೈಯಲ್ಲಿ ಹೋಲ್‌ಸ್ಟರಿನ ಮೈ ಹಿಡಿದು ಕ್ಲಿಪ್ ಬಿಡಿಸಿ, ನೇರ ಮೇಲಕ್ಕೆ ತೆಗೆಯಿರಿ. ನಳಿಗೆ ಇಂಜಿನ್ನಿನ ಕಡೆಗೋ ಕಾಲ ಮುಂದಿನ ನೆಲದ ಕಡೆಗೋ ಇರಬೇಕು, ಹಿಂದಿನ ಸೀಟಿನ ಕಡೆಗೆ ಎಂದೂ ಅಲ್ಲ. ಪೆಟ್ಟಿಗೆಯೊಳಗೂ ಅದೇ ದಿಕ್ಕು. ನಳಿಗೆ ಎತ್ತ ಎಂದು ಒಳಗೆ ಒಂದು ಟೇಪ್ ತುಂಡು ಅಂಟಿಸಿಟ್ಟರೆ ಕತ್ತಲಲ್ಲೂ ತಪ್ಪುವುದಿಲ್ಲ. ಮುಚ್ಚಿ, ಬೀಗ ಹಾಕಿ, ಮುಚ್ಚಳವನ್ನು ಒಮ್ಮೆ ಎಳೆದು ನೋಡಿ. ಮೇಲೆ ಏನಾದರೂ ಬಟ್ಟೆ ಹರಡಿ. ವಾಪಸ್ ಬಂದಾಗಲೂ ಅಲ್ಲೇ ಸಿಕ್ಕಿಸಿಕೊಳ್ಳಬೇಡಿ, ಸ್ವಲ್ಪ ದೂರ ಹೋಗಿ ನಿಲ್ಲಿಸಿ. ಪೂರ್ತಿ ಖಾಲಿ ಮಾಡಿದ ಪಿಸ್ತೂಲಿನಲ್ಲಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯ ಗ್ಯಾರೇಜಿನಲ್ಲಿ ಇದನ್ನು ಇಪ್ಪತ್ತು ಸಲ ಮಾಡಿ.

ಪ್ರತಿ ಸಲ ಗುಂಡು ತೆಗೆದು ಇಡಬೇಕೇ? ಪರವಾನಗಿ ಇರುವ ನೀವು, ಟೆಕ್ಸಾಸ್‌ನೊಳಗೆ, ಒಂದು ಗಂಟೆಯ ಕೆಲಸಕ್ಕೆ ಇಳಿಯುವಾಗ ಬೇಡ ಎಂಬುದು ನನ್ನ ಅಭಿಪ್ರಾಯ. ಡ್ರೈವರ್ ಸೀಟಿನಲ್ಲಿ ಕೂತು ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯುವುದು ಮೇಲೆ ಹೇಳಿದ ಅಪಾಯವನ್ನು ದಿನಕ್ಕೆ ಎರಡು ಸಲ ಕರೆದಂತೆ. ಅಲ್ಲದೆ ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರಿಗೆ, ಅಂದರೆ ನಳಿಗೆಯ ಬುಡದ ಗೂಡಿಗೆ, ತಳ್ಳಿದರೆ ಅದರ ತುದಿಯ ಗುಂಡು ತೋಟಾದ ಕೋಶದೊಳಕ್ಕೆ ಇಳಿಯುತ್ತಾ ಹೋಗುತ್ತದೆ, ಆಗ ಹಾರಿಸುವಾಗ ಒತ್ತಡ ಮಿತಿ ಮೀರುತ್ತದೆ. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಬಳಸಬೇಡಿ. ಖಾಲಿ ಮಾಡಲೇಬೇಕಾದ ಪ್ರಯಾಣವಾದರೆ ಮನೆಯಲ್ಲೇ ಮಾಡಿ ಹೊರಡಿ.

ಖಾಲಿ ಮಾಡಲೇಬೇಕಾದ ಸಂದರ್ಭಗಳು ಕಾನೂನಿನಿಂದ ಬರುತ್ತವೆ. ಶಾಲೆಯ ಸುತ್ತ 1,000 ಅಡಿ, ಅಂದರೆ ಸುಮಾರು 305 ಮೀಟರ್, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೆಡರಲ್ ಕಾಯ್ದೆಯ ಬಂದೂಕು ನಿಷೇಧ ವಲಯ. ಆ ರಾಜ್ಯವೇ ಕೊಟ್ಟ ಪರವಾನಗಿ ಇರುವವರಿಗೆ ಅದರಲ್ಲಿ ವಿನಾಯಿತಿ ಇದೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು, ಆದರೆ ಹಾಗೆ ಒಯ್ಯುವವರಿಗೆ ಈ ವಿನಾಯಿತಿ ಇಲ್ಲ. ಅವರದು ಶಾಲೆಯ ಹತ್ತಿರ ಖಾಲಿಯಾಗಿ ಬೀಗದ ಪೆಟ್ಟಿಗೆಯಲ್ಲಿರಬೇಕು. ನಿಮ್ಮ ಎಲ್‌ಟಿಸಿಯ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ರಾಜ್ಯ ದಾಟುವಾಗ 1986ರ ಫೆಡರಲ್ ಕಾಯ್ದೆಯ ರಕ್ಷಣೆ ಬೇಕಾದರೆ ಗುಂಡು ತೆಗೆದು, ಪ್ರಯಾಣಿಕರ ಕೈಗೆ ನೇರ ಎಟುಕದ ಕಡೆ ಇಡಬೇಕು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಲ್ಲಿ ಬೀಗದ ಪೆಟ್ಟಿಗೆ ಬೇಕು, ಗ್ಲೋವ್ ಬಾಕ್ಸ್ ಮತ್ತು ಕನ್ಸೋಲ್ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯಾರೂ ಇಲ್ಲದ ಕಾರಿನಲ್ಲಿ ಪಿಸ್ತೂಲನ್ನು ಬೀಗ ಹಾಕದೆ ಬಿಟ್ಟರೆ 1,000 ಡಾಲರ್‌ವರೆಗೆ ದಂಡ. ಕೊಲರಾಡೊದಲ್ಲಿ 2025ರ ಜನವರಿ 1ರಿಂದ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದಂತೆ, ಲಾಕ್ ಮಾಡಿದ ಗಾಡಿಯಲ್ಲೇ ಇರಬೇಕು.

ಅಂಚೆ ಕಚೇರಿಯ ವಿಷಯದಲ್ಲಿ ಪೆಟ್ಟಿಗೆ ನಿಮ್ಮನ್ನು ಕಾಪಾಡುವುದಿಲ್ಲ. ಫೆಡರಲ್ ನಿಯಮ ಅಂಚೆ ಇಲಾಖೆಯ ಪಾರ್ಕಿಂಗ್ ಜಾಗವನ್ನೂ ಸೇರಿಸಿಕೊಂಡೇ ನಿಷೇಧ ಹಾಕಿದೆ. ನೌಕರರ ಪಾರ್ಕಿಂಗಿನಲ್ಲಿ ಸ್ವಂತ ಕಾರಿನಲ್ಲಿ ಪಿಸ್ತೂಲಿಟ್ಟಿದ್ದ ಅಂಚೆ ನೌಕರನೊಬ್ಬನಿಗಾದ ಶಿಕ್ಷೆಯನ್ನು, ಟೆಕ್ಸಾಸ್ ಕೂಡ ಸೇರುವ ಐದನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಎತ್ತಿಹಿಡಿಯಿತು. ಈ ನಿಯಮವನ್ನು ಕೋರ್ಟುಗಳಲ್ಲಿ ಪ್ರಶ್ನಿಸುವುದು ಆಮೇಲೂ ನಡೆದಿದೆ, ಆದರೆ ಗ್ರೀನ್ ಕಾರ್ಡಿನವರು ಆ ವಾದದ ಪರೀಕ್ಷೆಗೆ ತಮ್ಮ ಬದುಕನ್ನು ಒಡ್ಡಬಾರದು. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿನವರೆಗೂ ಹೋಗಬಹುದು. ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸಿ ನಡೆದು ಹೋಗಿ, ಇಲ್ಲವೇ ಆ ದಿನ ಪಿಸ್ತೂಲು ಮನೆಯಲ್ಲೇ ಇರಲಿ. ಆಫೀಸಿನ ಪಾರ್ಕಿಂಗ್ ಬೇರೆ: ಸ್ವಂತ ಕಾರಿನಲ್ಲಿ ಬೀಗ ಹಾಕಿಟ್ಟರೆ ಹೆಚ್ಚಿನ ಖಾಸಗಿ ಕಂಪನಿಗಳು ತಡೆಯುವಂತಿಲ್ಲ ಎಂಬ ಟೆಕ್ಸಾಸ್ ಕಾನೂನು 2011ರಿಂದ ಇದೆ. ಕಂಪನಿಯ ಗಾಡಿಗೆ ಅದು ಅನ್ವಯಿಸದು.

ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು. ಎಚ್-1ಬಿ, ಎಚ್-4, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಫೆಡರಲ್ ಅಪರಾಧ, 15 ವರ್ಷದವರೆಗೆ ಶಿಕ್ಷೆ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಕೈಯಲ್ಲಿ ಹಿಡಿದಿರಬೇಕೆಂದಿಲ್ಲ, ಹತೋಟಿಯಲ್ಲಿದ್ದರೂ ಸಾಕು. ನಿಮ್ಮ ಮನೆಯವರೋ ಊರಿಂದ ಬಂದ ಅಪ್ಪ ಅಮ್ಮನೋ ಇನ್ನೂ ವೀಸಾದಲ್ಲಿದ್ದರೆ ಅವರಿಗೆ ಪೆಟ್ಟಿಗೆಯ ಅಂಕಿ ಹೇಳಬೇಡಿ, ಪಿಸ್ತೂಲಿರುವ ಕಾರನ್ನು ಅವರೊಬ್ಬರ ಕೈಗೆ ಕೊಡಬೇಡಿ. ವಲಸೆ ವಕೀಲರನ್ನು ಒಮ್ಮೆ ಕೇಳಿಬಿಡಿ.

ಮಕ್ಕಳ ವಿಷಯಕ್ಕೆ ಬಂದರೆ, ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನವರಿಗೆ ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ. ಸೀಟಿನಡಿಯ ಪೆಟ್ಟಿಗೆಯ ಮುಚ್ಚಳ ಮುಂದಕ್ಕೆ ತೆರೆಯುವಂತೆ ಕೂರಿಸಿ, ಹಿಂದಿನ ಸೀಟಿನವರಿಗೆ ಬೀಗವೇ ಕಾಣಬಾರದು. ಅಂಕಿ ತಿರುಗಿಸುವುದನ್ನು ಅವರು ನೋಡಬಾರದು. ಪೆಟ್ರೋಲ್ ತುಂಬಿಸಲು ಇಳಿಯುವಾಗ ಪಿಸ್ತೂಲು ಪೆಟ್ಟಿಗೆಯಿಂದ ಹೊರಗಿದ್ದು ಮಕ್ಕಳು ಒಳಗಿರುವುದು, ಇದೊಂದು ಎಂದೂ ಆಗಬಾರದು.

ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ ಇರುವಾಗ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಒಂದು ಗಂಟೆಯಲ್ಲಿ 69 ಡಿಗ್ರಿ ಮುಟ್ಟುತ್ತದೆ. ಆ ಬಿಸಿಗೆ ತೋಟಾ ತಾನಾಗಿ ಸಿಡಿಯುವುದಿಲ್ಲ, ಆ ಭಯ ಬೇಡ. ಆದರೆ ತಿಂಗಳುಗಟ್ಟಲೆ ಕಾದು ಆರಿ ಮದ್ದು ಕೆಡುತ್ತದೆ, ಎಣ್ಣೆ ತೆಳುವಾಗಿ ಹರಿದುಹೋಗುತ್ತದೆ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ನೇರ ಬಿಸಿಲಿಗೆ ಬಿದ್ದರೆ ಬಾಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಡಿ, ತಿಂಗಳಿಗೊಮ್ಮೆ ತುಕ್ಕು ನೋಡಿ ಎಣ್ಣೆ ಹಚ್ಚಿ, ಆರು ತಿಂಗಳಿಗೊಮ್ಮೆ ಹಳೆಯ ತೋಟಾಗಳನ್ನು ರೇಂಜಿನಲ್ಲಿ ಹಾರಿಸಿ ಹೊಸದು ತುಂಬಿ.

ರಾತ್ರಿ ಮಾತ್ರ ಪಿಸ್ತೂಲು ಮನೆಯೊಳಗೆ ಬರಲೇಬೇಕು. ಎಷ್ಟೇ ದಪ್ಪ ಪೆಟ್ಟಿಗೆಯಾದರೂ ಎಂಟು ಗಂಟೆ ಕತ್ತಲು ಸಿಕ್ಕರೆ ಕಳ್ಳ ಇಡೀ ಕಾರನ್ನೇ ಒಯ್ಯುತ್ತಾನೆ. 2017ರಿಂದ 2021ರವರೆಗೆ ಅಮೆರಿಕದಲ್ಲಿ ಖಾಸಗಿಯವರಿಂದ ಕಳವಾಯಿತೆಂದು ದಾಖಲಾದ ಬಂದೂಕುಗಳೇ ಹತ್ತು ಲಕ್ಷ ದಾಟುತ್ತವೆ, ಅವು ಹೋಗಿ ಸೇರುವುದು ಎಂಥವರ ಕೈಗೆ ಎಂದು ಬಿಡಿಸಿ ಹೇಳಬೇಕಿಲ್ಲ. ವ್ಯಾಲೆ ಪಾರ್ಕಿಂಗ್, ಕಾರ್ ವಾಶ್, ಸರ್ವಿಸ್ ಇರುವ ದಿನವೂ ಅದು ಮನೆಯಲ್ಲೇ ಉಳಿಯಲಿ. ಕಿಟಕಿಯ ಮೇಲೆ ಬಂದೂಕು ಕಂಪನಿಯ ಸ್ಟಿಕ್ಕರ್ ಇದ್ದರೆ ಕೆರೆದು ತೆಗೆಯಿರಿ.

ಸೀರಿಯಲ್ ನಂಬರು ಕಾಣುವಂತೆ ಒಂದು ಫೋಟೋ, ಕೊಂಡ ರಸೀದಿಯ ಒಂದು ಫೋಟೋ ಫೋನಿನಲ್ಲೂ ಮನೆಯ ಫೈಲಿನಲ್ಲೂ ಇರಲಿ. ಕಾರು ಒಡೆದಿದ್ದರೆ ಏನನ್ನೂ ಮುಟ್ಟದೆ ಪೊಲೀಸರಿಗೆ ಕರೆ ಮಾಡಿ, ಕಳವಾದದ್ದು ಬಂದೂಕು ಎಂದು ಮೊದಲ ವಾಕ್ಯದಲ್ಲೇ ಹೇಳಿ, ನಂಬರು ಕೊಟ್ಟು, ರಾಷ್ಟ್ರೀಯ ಕಳವು ದಾಖಲೆಯಾದ ಎನ್‌ಸಿಐಸಿಗೆ ಸೇರಿಸಿದರೇ ಎಂದು ಕೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆಂದೋ ಆ ಪಿಸ್ತೂಲು ಯಾವುದೋ ಅಪರಾಧದ ಜಾಗದಲ್ಲಿ ಸಿಕ್ಕಿದಾಗ ಪೊಲೀಸರು ಹುಡುಕಿಕೊಂಡು ಬರುವುದು ಅದನ್ನು ಅಂಗಡಿಯಲ್ಲಿ ಕೊಂಡವರ ಬಾಗಿಲಿಗೆ. ಆಗ ನಿಮ್ಮ ಕೈಯಲ್ಲಿ ಆ ಸಂಖ್ಯೆ ಇರಬೇಕು.